ಮುಳ್ಳಳ್ಳಿಯವರ ಊರು

ಕಣವಿ ಕೆರೆಯ ಏರಿ ದಾಟಿ ಬಡಗಣ ದಿಕ್ಕಿಗೆ ಒಂದು ಹರದಾರಿ ನಡೆದರೆ, ಎರೆಹೊಲಗಳ ನಡುವೆ ನಾಲ್ಕು ದಾರಿಗಳು ಕೂಡುವಲ್ಲಿ ಆಳೆತ್ತರದ ಒಂದು ದಿಬ್ಬ ಸಿಗುತ್ತದೆ. ದಿಬ್ಬದ ಬಗಲಲ್ಲಿ ಕಲ್ಲು ಕಟ್ಟಿದ ಬಾವಿ, ದಿಬ್ಬದ ಮೇಲೆ ಒಂದು ಬೇವಿನ ಮರ, ಮರದ ಸುತ್ತ ಮೊಣಕಾಲೆತ್ತರವೂ ಇಲ್ಲದ ಕಲ್ಲಿನ ಚೌಕಗಳು. ಎಣಿಸಿದರೆ ಹನ್ನೊಂದು. ಬಸ್ಸಿನ ಕಂಡಕ್ಟರನು ಇಲ್ಲಿ ಸೀಟಿ ಊದಿ ‘ಮುಳ್ಳಳ್ಳಿ’ ಎಂದು ಕೂಗುತ್ತಾನೆ. ಹೊಸಬರು ಚೀಲ ಹಿಡಿದು ಇಳಿದು ಅತ್ತಿತ್ತ ನೋಡುತ್ತಾರೆ. ಊರು ಎಲ್ಲಿದೆ ಎಂದು ಕೇಳೋಣವೆಂದರೆ ಒಂದು ನರಪಿಳ್ಳೆ ಇರುವುದಿಲ್ಲ. ಕಂದಾಯದ ಪುಸ್ತಕದಲ್ಲಿ ಇದನ್ನು ಬೇಚರಾಕ್ ಗ್ರಾಮವೆಂದು ಬರೆದಿದ್ದಾರೆ, ಎಂದರೆ ಜನವಸತಿ ಇಲ್ಲದ ಊರು. ಅಂಥ ಊರುಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಪ್ಲೇಗಿಗೆ ಬಿಟ್ಟವು, ದರೋಡೆಗೆ ಬಿಟ್ಟವು, ನೀರಿಲ್ಲದೆ ಬಿಟ್ಟವು. ಆದರೆ ಅವೆಲ್ಲ ಒಂದು ಕಾಲಕ್ಕೆ ಊರಾಗಿದ್ದು ಆಮೇಲೆ ಹಾಳಾದವು. ಮುಳ್ಳಳ್ಳಿ ಹಾಗಲ್ಲ. ಹಳೆಯ ಕಾಲದ್ದನ್ನು ಕೆದಕುವ ಪಂಡಿತರು ಬಂದು ಚೌಕಗಳ ಒಳಗೆ ಅಗೆದು ನೋಡಿದರು. ಒಲೆಯ ಬೂದಿ ಇಲ್ಲ, ಗಡಿಗೆಯ ಚೂರಿಲ್ಲ, ಇಲಿ ತೋಡಿದ ಬಿಲವೂ ಇಲ್ಲ. ಈ ಮನೆಗಳಲ್ಲಿ ಯಾವತ್ತೂ ಯಾರೂ ಸಂಸಾರ ಮಾಡಿಲ್ಲ ಎಂದು ಬರೆದುಕೊಂಡು ಹೋದರು.

ಊರಿಲ್ಲದಿದ್ದರೂ ಊರಿನ ಹೆಸರು ಹೊತ್ತವರು ಇದ್ದಾರಲ್ಲ, ಅದು ಇದಕ್ಕಿಂತ ಸೋಜಿಗ. ಈ ಕಡೆಯ ರೂಢಿ ಗೊತ್ತೇ ಇದೆ: ಮನುಷ್ಯ ಯಾವ ಊರಿಂದ ಬಂದನೋ ಅದೇ ಅವನ ಮನೆತನದ ಅಡ್ಡಹೆಸರು. ಕುಂದಗೋಳದಿಂದ ಬಂದವನು ಕುಂದಗೋಳ, ಬಾದಾಮಿಯವನು ಬಾದಾಮಿ. ಹಾಗೆಯೇ ಮುಳ್ಳಳ್ಳಿ ಎಂಬ ಅಡ್ಡಹೆಸರಿನವರೂ ಇದ್ದಾರೆ, ಆದರೆ ಬಹಳ ಇಲ್ಲ. ಬೆಣಚಿಹಾಳದಲ್ಲಿ ಎರಡು ಮನೆ, ಅವರು ನೇಕಾರರು. ಸಂಕದಾಳದಲ್ಲಿ ಒಂದು ಮನೆ, ಕುರುಬರು. ಅದರ ಮುಂದಿನ ಊರಲ್ಲಿ ಪಿಂಜಾರರು, ಅದರ ಮುಂದೆ ಗಾಣಿಗರು, ಹೀಗೆ. ಜಾತಿಗೆ ಜಾತಿ ಕೂಡುವುದಿಲ್ಲ, ದೇವರಿಗೆ ದೇವರು ಕೂಡುವುದಿಲ್ಲ, ಅಡ್ಡಹೆಸರು ಮಾತ್ರ ಒಂದೇ. ಎಲ್ಲರೂ ಇರುವುದು ಬಡಗಣಕ್ಕೆ ಹೋಗುವ ಒಂದೇ ಹಳೆಯ ಗಾಡಿದಾರಿಯ ಮೇಲೆ. ಆ ದಾರಿ ಬಿಟ್ಟು ಎಡಕ್ಕೆ ಬಲಕ್ಕೆ ಹುಡುಕಿದರೆ ಈ ಹೆಸರಿನ ಒಂದು ಹುಳವೂ ಸಿಕ್ಕದು. ಕನ್ಯೆ ನೋಡಲು ಹೋದಾಗ ಬೀಗರು ಮೂಲ ಯಾವ ಊರು ಎಂದು ಕೇಳುತ್ತಾರೆ. ಇವರು ಮುಳ್ಳಳ್ಳಿ ಎನ್ನುತ್ತಾರೆ. ಅಲ್ಲಿ ಈಗ ಯಾರಿದ್ದಾರೆ ಎಂದರೆ ಇವರು ನೆಲ ನೋಡುತ್ತಾರೆ. ಈ ದಾರಿ ಬಿಟ್ಟರೆ ಆ ಹೆಸರಿನವರು ಸಿಗುವುದು ಏಳು ಸಮುದ್ರದಾಚೆ, ಐರ್ಲೆಂಡ್ ಎಂಬ ನಡುಗಡ್ಡೆಯಲ್ಲಿ, ಅಲ್ಲಿಯೂ ಒಂದೆರಡು ಸೀಮೆಗಳಲ್ಲಿ ಕೆಲವೇ ಮನೆಗಳಂತೆ. ನಗಬೇಡಿ. ಕೇಳಿದ ಮೇಲೂ ನಗು ಬಂದರೆ ಆಗ ನಗುವಿರಂತೆ.

ಹಿಂದೆ ಒಮ್ಮೆ, ಧಾತು ಸಂವತ್ಸರದಲ್ಲಿ, ಈ ಸೀಮೆಗೆಲ್ಲ ಬರ ಬಿತ್ತು. ಬರವೆಂದರೆ ಒಂದು ಮಳೆ ತಪ್ಪಿದ ಬರವಲ್ಲ. ಮುಂಗಾರೂ ಇಲ್ಲ, ಹಿಂಗಾರೂ ಇಲ್ಲ, ಬೇಲಿಯ ಕಳ್ಳಿಯನ್ನು ಕುದಿಸಿ ಕುಡಿದರು ಎನ್ನುತ್ತಾರೆ. ತೊಗರಿನಾಳವೆಂಬ ಊರಲ್ಲಿ ಫಕ್ಕೀರವ್ವ ಎಂಬ ಹೆಣ್ಣುಮಗಳಿದ್ದಳು. ಇಪ್ಪತ್ತೈದೂ ತುಂಬದ ಪ್ರಾಯ. ಆ ಊರಲ್ಲಿ ಎರಡು ತಿಂಗಳೊಳಗೆ ಅವಳ ಗಂಡ ಹೋದ, ಎರಡು ಗಂಡುಮಕ್ಕಳು ಹೋದವು. ಉಳಿದದ್ದು ನಾಲ್ಕು ವರ್ಷದ ಮಗಳು ಸಾತಿ ಒಬ್ಬಳು. ಊರಿಗೆ ಊರೇ ಗುಳೆ ಹೊರಟಾಗ ಫಕ್ಕೀರವ್ವನೂ ಹೊರಟಳು. ಹೊರಡುವ ಮುಂಚೆ ಒಲೆಯ ಬೂದಿಯನ್ನು ಬೀದಿಗೆ ಚೆಲ್ಲಿ, ನನ್ನವರನ್ನು ತಿಂದ ಈ ಊರಿಗೆ ಸತ್ತರೂ ಕಾಲಿಡುವುದಿಲ್ಲ ಎಂದು ಆಣೆ ಮಾಡಿದಳು. ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಮೂರು ದಿನ ನಡೆದು ಕಣವಿಗೆ ಬಂದಳು. ಕಣವಿಯಲ್ಲಿ ಸರ್ಕಾರದವರು ಕೆರೆಯ ಏರಿ ಕಟ್ಟಿಸುತ್ತಿದ್ದರು. ಮಣ್ಣು ಹೊತ್ತವರಿಗೆ ಹಿಟ್ಟು, ಮಕ್ಕಳಿಗೆ ಗಂಜಿ. ಅಲ್ಲಿ ಫಕ್ಕೀರವ್ವ ಒಂದು ತಿಂಗಳು ಮಣ್ಣು ಹೊತ್ತಳು. ಆಮೇಲೆ ಅವಳಿಗೆ ಜ್ವರ ಬಂತು, ಮೈಮೇಲೆ ಎಚ್ಚರ ತಪ್ಪಿತು. ಜ್ವರದವರನ್ನು ಗಾಡಿಯಲ್ಲಿ ತುಂಬಿ ನಾಲ್ಕು ಹರದಾರಿ ಆಚೆಯ ಆಸ್ಪತ್ರೆ ಡೇರೆಗೆ ಒಯ್ಯುತ್ತಿದ್ದರು. ಅಲ್ಲಿಗೆ ಹೋದವರಲ್ಲಿ ತಿರುಗಿ ಬಂದವರು ಕಡಿಮೆ. ಆದ್ದರಿಂದ ಗಂಜಿಯ ಕೇಂದ್ರದಲ್ಲಿ ಸಾತಿಯನ್ನು ತಬ್ಬಲಿಗಳ ಸಾಲಿಗೆ ಸೇರಿಸಿದರು.

ಆ ಕ್ಯಾಂಪಿನ ಉಸ್ತುವಾರಿ ಒಬ್ಬ ದೊರೆಯದು. ತಲೆಗೂದಲು ಕೆಂಪಗಿದ್ದುದರಿಂದ ಜನ ಅವನನ್ನು ಕೆಂಪು ದೊರೆ ಎನ್ನುತ್ತಿದ್ದರು. ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಅವನು ಇಂಗ್ಲೆಂಡಿನವನಲ್ಲ, ಐರ್ಲೆಂಡಿನವನು. ಅವನು ಹುಡುಗನಾಗಿದ್ದಾಗ ಅವನ ದೇಶದಲ್ಲೂ ಬರ ಬಿದ್ದಿತ್ತಂತೆ. ಅಲ್ಲಿಯ ಬಡವರಿಗೆ ಆಲೂಗಡ್ಡೆಯೇ ಅನ್ನ. ಅದು ನೆಲದೊಳಗೇ ಕೊಳೆತು ನಾರಿ, ಅವನ ಮನೆಯ ಒಂಬತ್ತು ಜನರಲ್ಲಿ ಎಂಟು ಜನ ಹೋದರಂತೆ. ಅವನ ಮನೆತನದ ಹೆಸರು ಮುಲ್ಲಾಲಿ. ಆ ದೇಶದಲ್ಲೂ ಅಪರೂಪದ ಹೆಸರು. ತನ್ನ ಮನೆಯಲ್ಲಿ ಆ ಹೆಸರು ಹೇಳುವವನು ತಾನೊಬ್ಬನೇ ಉಳಿದಿದ್ದೇನೆಂದು ಅವನು ಕುಡಿದಾಗ ಅಳುತ್ತಿದ್ದನಂತೆ. ಒಂದು ದಿನ ಮೇಲಿನಿಂದ ಹುಕುಂ ಬಂತು: ಪ್ರತಿ ಕೂಸಿನ ಮುಂದೆಯೂ ಊರು ಬರೆದಿರಬೇಕು, ಊರಿಲ್ಲದ ಕೂಸಿಗೆ ಗಂಜಿ ಇಲ್ಲ. ಮೇಲೆ ಕುಳಿತವರಿಗೇನು, ಬರೆದುಬಿಟ್ಟರು. ಕಾರಕೂನ ಗುಂಡೋಪಂತನು ದಾಖಲೆಯ ಪುಸ್ತಕ ತೆರೆದು ತಬ್ಬಲಿಗಳನ್ನು ಸಾಲಾಗಿ ನಿಲ್ಲಿಸಿ ಒಂದೊಂದನ್ನೇ ಕೇಳಿದ. ಊರ ಹೆಸರು ಹೇಳಲು ಬಾರದವು ಹನ್ನೊಂದು. ಕೆಲವಕ್ಕೆ ಮಾತೇ ಬರುತ್ತಿರಲಿಲ್ಲ, ಕೆಲವು ಹಸಿವಿಗೆ ಮಾತು ಮರೆತಿದ್ದವು. ಗುಂಡೋಪಂತ ಲೇಖನಿ ಕೆಳಗಿಟ್ಟು ಇವುಗಳಿಗೆ ಏನು ಬರೆಯಲಿ ಎಂದ. ಕೆಂಪು ದೊರೆ ಆ ಮಕ್ಕಳನ್ನು ನೋಡಿ, ತನ್ನ ಹರಕು ಕನ್ನಡದಲ್ಲಿ, ನನ್ನದು ಬರೆ, ಮುಲ್ಲಾಲಿ ಬರೆ ಎಂದ. ಗುಂಡೋಪಂತ ಬಂದು ಹದಿನೈದು ದಿನವಾಗಿತ್ತು. ಅವನ ಕಿವಿಗೆ ಬಿದ್ದದ್ದು ಒಂದು ಊರಿನ ಹೆಸರು. ಹಳ್ಳಿ ಎಂದು ಕೊನೆಯಾಗುವ ಊರುಗಳಿಗೆ ಈ ನಾಡಲ್ಲಿ ಬರವೇ? ದೊರೆಯ ಸುಪರ್ದಿನ ಯಾವುದೋ ಹಳ್ಳಿ, ಈ ಮಕ್ಕಳು ಅಲ್ಲಿಯವು ಎಂದು ತಿಳಿದು, ಹನ್ನೊಂದು ಹೆಸರಿನ ಮುಂದೆ ಹನ್ನೊಂದು ಸಲ ಮುಳ್ಳಳ್ಳಿ ಎಂದು ಬರೆದು ಪುಸ್ತಕ ಮುಚ್ಚಿದ. ತಂದೆಯ ಹೆಸರು ಕೊಡುವ ರೂಢಿಯ ನಾಡಿನಿಂದ ಬಂದವನೊಬ್ಬ, ಊರೇ ಹೆಸರಾಗುವ ನಾಡಿನಲ್ಲಿ ಹುಟ್ಟಿದವನೊಬ್ಬ. ಇಬ್ಬರಲ್ಲಿ ಯಾರನ್ನು ಬೈಯುವುದು ಹೇಳಿ.

ಮಳೆಗಾಲ ಬರುವುದಕ್ಕೆ ಮೊದಲೇ ಕೆಂಪು ದೊರೆ ವಾಂತಿಭೇದಿಯಲ್ಲಿ ತೀರಿಹೋದ. ಅದರ ಬೆನ್ನಿಗೇ ಮಳೆ ಹಿಡಿಯಿತು, ಕ್ಯಾಂಪು ಮುಚ್ಚಬೇಕೆಂದು ಹುಕುಂ ಬಂತು, ತಬ್ಬಲಿಗಳನ್ನು ಪುಸ್ತಕದಲ್ಲಿ ಬರೆದ ಊರಿಗೆ ಮುಟ್ಟಿಸಬೇಕೆಂದು ಅದರ ಹಿಂದೆಯೇ ಇನ್ನೊಂದು ಬಂತು. ಒಂದೊಂದು ದಿಕ್ಕಿಗೆ ಒಂದೊಂದು ಗಾಡಿ ಕಟ್ಟಿಸಿ, ಬಡಗಣಕ್ಕೆ ನಿಜಾಮ ಸೀಮೆಯ ಗಾಡಿಯವನೊಬ್ಬನನ್ನು ಹಿಡಿದು, ಜೊತೆಗೊಬ್ಬ ಚಪರಾಸಿಯನ್ನು ಕೊಟ್ಟು ಕಳಿಸಿಬಿಟ್ಟರು. ಅದಾದ ಎಂಟು ದಿನಕ್ಕೆ ಫಕ್ಕೀರವ್ವ ಬಂದಳು. ಸಾಯಲಿಲ್ಲ ಅವಳು. ತಲೆಗೂದಲೆಲ್ಲ ಉದುರಿ, ಕೋಲೂರಿಕೊಂಡು, ನಾಲ್ಕು ಹರದಾರಿಯನ್ನು ಎರಡು ದಿನ ನಡೆದು ಬಂದಳು. ಬಂದರೆ ಕ್ಯಾಂಪಿನಲ್ಲಿ ಮುರಿದ ಬುಟ್ಟಿಗಳು ಮತ್ತು ಗುಂಡೋಪಂತ. ಅವನು ಪುಸ್ತಕಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಮೊಳೆ ಹೊಡೆಸಿ, ಗಾಡಿಗೆ ಕಾಯುತ್ತಿದ್ದ. ಅವಳು ಮಗಳೆಲ್ಲಿ ಎಂದು ಕೇಳಿದಳು. ಕೆಟ್ಟವನೇನಲ್ಲ ಗುಂಡೋಪಂತ, ಕುಡಿಯಲು ನೀರು ಕೊಟ್ಟು ಕೂರಿಸಿ, ಒಂದೇ ಒಂದು ಪ್ರಶ್ನೆ ಕೇಳಿದ.

“ನಿನ್ನ ಕೂಸು ತನ್ನ ಊರ ಹೆಸರು ಹೇಳತಿತ್ತೇನು?”

“ನಾಕು ವರ್ಷದ ಕೂಸು ರೀ ಎಪ್ಪಾ. ಆಕಿಗೇನು ತಿಳೀತೈತಿ ಊರು ಕೇರಿ.”

“ಹಂಗಾದರ ಆಕಿ ಮುಳ್ಳಳ್ಳಿಗೆ ಹೋಗ್ಯಾಳ. ಊರು ಹೇಳಾಕ ಬರಲಾರದ ಕೂಸು ಹನ್ನೊಂದೂ ಅಲ್ಲಿಗೇ ಹೋಗ್ಯಾವ.”

ಹೀಗೆ ಹೇಳಿ ಅವನು ತನ್ನ ಗಾಡಿ ಹತ್ತಿ ಹೋದ. ಫಕ್ಕೀರವ್ವನ ಎದೆಯ ಮೇಲಿಂದ ಕಲ್ಲು ಇಳಿದಂತಾಯಿತು. ಮಗಳು ಬದುಕಿದ್ದಾಳೆ, ಊರ ಹೆಸರು ಸಿಕ್ಕಿದೆ, ಇನ್ನೇನು ಬೇಕು? ಅಲ್ಲಿಂದ ಮೂರು ವರ್ಷ ಅವಳು ಕೇಳದ ಊರಿಲ್ಲ. ಮುಳ್ಳಳ್ಳಿಗೆ ದಾರಿ ಯಾವುದು ಎಂದರೆ ಒಬ್ಬರು ಮುಳ್ಳೂರಿಗೆ ಕಳಿಸಿದರು, ಇನ್ನೊಬ್ಬರು ಮಲ್ಲಾಪುರಕ್ಕೆ, ಮತ್ತೊಬ್ಬರು ಹೊಳೆಯಾಚೆಯ ಮುದ್ದಳ್ಳಿಗೆ. ಪ್ರತಿ ಊರಲ್ಲೂ ಕೂಲಿ ಮಾಡಿ, ಪ್ರತಿ ಊರಿನ ಹೆಣ್ಣುಮಕ್ಕಳ ಬಲ ಮೊಣಕೈಯನ್ನು ನೋಡಿದಳು. ಸಾತಿಗೆ ಅಲ್ಲಿ ರೊಟ್ಟಿಯ ಹಂಚು ತಾಗಿದ ಸುಟ್ಟ ಕಲೆಯಿತ್ತು. ಅಷ್ಟು ಹೊತ್ತಿಗೆ ಮಳೆ ಬಂದು ಜನ ಊರುಗಳಿಗೆ ಮರಳುತ್ತಿದ್ದರು. ಒಮ್ಮೆ ಕೂಲಿಗೆಂದು ಹೋಗುವಾಗ ತೊಗರಿನಾಳದ ಗುಡಿಯ ಶಿಖರ ದೂರದಿಂದ ಕಂಡಿತಂತೆ. ಅವಳು ಅತ್ತ ಉಗುಳಿ, ಮುಖ ತಿರುಗಿಸಿಕೊಂಡು ಬೇರೆ ದಾರಿ ಹಿಡಿದಳು. ಕೊನೆಗೆ ಒಬ್ಬ ಕುಲಕರ್ಣಿ, ಓದಿದವನು, ನಕಾಶೆ ಹರಡಿ ಎರಡು ತಾಸು ಬೆರಳಾಡಿಸಿ, ಇಂಥ ಊರು ಈ ಭೂಮಿಯ ಮೇಲಿಲ್ಲ ತಂಗಿ, ಯಾರೋ ನಿನಗೆ ಸುಳ್ಳು ಹೇಳಿದ್ದಾರೆ ಎಂದ.

ಅಂದು ಅವಳು ನಡೆದು ನಡೆದು ಬಂದು ಈ ದಿಬ್ಬದ ಮೇಲೆ ಕುಳಿತಳು. ಇಲ್ಲಿ ಬಾವಿಯೊಂದಿತ್ತು, ದಾರಿಹೋಕರಿಗೆಂದು ಯಾರೋ ಪುಣ್ಯಾತ್ಮರು ಕಟ್ಟಿಸಿದ್ದು, ಬೇವಿನ ಮರವಿತ್ತು, ಮತ್ತೇನೂ ಇರಲಿಲ್ಲ. ಅವಳು ಸಾಯಲೆಂದೇ ಕುಳಿತಳು ಎನ್ನುತ್ತಾರೆ, ಬಾವಿಯ ಕಡೆಗೆ ಮುಖ ಮಾಡಿ. ಆಗ ಹತ್ತಿ ಹೇರಿಕೊಂಡು ಬಂದ ಗಾಡಿಯವನೊಬ್ಬ ಎತ್ತು ನಿಲ್ಲಿಸಿ, ಒಂಟಿ ಹೆಂಗಸನ್ನು ಕಂಡು ತಮಾಷೆಗೆ ಕೇಳಿದ.

“ಯಾವ ಊರಬೇ ಇದು?”

ಫಕ್ಕೀರವ್ವ ತಲೆಯೆತ್ತಿ ನೋಡಿದಳು. “ಮುಳ್ಳಳ್ಳಿ,” ಎಂದಳು.

ಯಾಕೆ ಹಾಗೆಂದಳು ಎಂದು ಅವಳಿಗೂ ಹೊಳೆಯಲಿಲ್ಲವಂತೆ. ಬಾಯಿಗೆ ಮೂರು ವರ್ಷದಿಂದ ರೂಢಿಯಾದ ಮಾತು ಬಂದುಬಿಟ್ಟಿತು. ಗಾಡಿಯವನು ನಕ್ಕು, ಎತ್ತಿಗೆ ನೀರು ಕುಡಿಸಿ ಹೋದ. ಅವನು ಹೋದ ಮೇಲೆ ಅವಳಿಗೆ ವಿಚಾರ ಬಂತು. ಇಲ್ಲದ ಊರಿಗೆ ಮಗಳನ್ನು ಕಳಿಸಿದ್ದಾರೆ. ಇಂದಲ್ಲ ನಾಳೆ ಮಗಳು ದೊಡ್ಡವಳಾಗುತ್ತಾಳೆ, ಮುಳ್ಳಳ್ಳಿ ಎಲ್ಲಿ ಎಂದು ಕೇಳುತ್ತ ಬರುತ್ತಾಳೆ. ಆಗ ಜನ ಕೈ ತೋರಿಸಲು ಒಂದು ಜಾಗ ಬೇಡವೇ? ಅಲ್ಲೇ ಒಂದು ಗುಡಿಸಲು ಹಾಕಿಕೊಂಡಳು. ಆ ದಿನದಿಂದ ಬಾವಿಯ ನೀರು ಸೇದಿ ಹಾದುಹೋಗುವ ಗಾಡಿಯ ಎತ್ತುಗಳಿಗೆ ಕುಡಿಸುವುದೇ ಅವಳ ಕೆಲಸವಾಯಿತು. ಪ್ರತಿಫಲವಾಗಿ ಕೇಳುತ್ತಿದ್ದುದು ಇಷ್ಟೇ, ಮುಂದಿನ ಊರಲ್ಲಿ ಯಾವ ದಾರಿ ಹಿಡಿದು ಬಂದಿರಿ ಎಂದು ಕೇಳಿದರೆ ಮುಳ್ಳಳ್ಳಿ ಹಾದು ಬಂದೆವು ಎನ್ನಬೇಕು. ಮೊದಮೊದಲು ಗಾಡಿಯವರು ಅವಳನ್ನು ಮರುಳೆಂದು ಆಡಿಕೊಂಡರು. ಆದರೂ ನೀರಿನ ಋಣಕ್ಕೆ ಆ ಮಾತು ಆಡಿದರು. ಐದಾರು ವರ್ಷದಲ್ಲಿ ಹತ್ತು ಹರದಾರಿ ಸುತ್ತಲ ಜನಕ್ಕೆ ಮುಳ್ಳಳ್ಳಿ ಎಂದರೆ ಈ ದಿಬ್ಬ ಎಂಬುದು ಗೊತ್ತಾಗಿಹೋಯಿತು. ಭೂಮಿ ಅಳೆಯುವವರು ಬಂದಾಗ ಅವರೂ ಅದನ್ನೇ ಬರೆದುಕೊಂಡರು.

ಬರ ಬಿದ್ದ ಹನ್ನೆರಡನೆಯ ವರ್ಷ ಮೊದಲನೆಯ ಕೂಸು ಬಂತು. ಕೂಸೆಂದರೆ ಈಗ ಕೂಸಲ್ಲ, ಮದುವೆಯಾಗಿ ಮಡಿಲಲ್ಲಿ ಮಗುವಿದ್ದ ಹೆಣ್ಣು. ಬೆಣಚಿಹಾಳದ ನೇಕಾರರ ಮನೆಯಲ್ಲಿ ಬೆಳೆದವಳು. ಸಣ್ಣಾಕಿದ್ದಾಗ ಗಾಡಿಯವನೊಬ್ಬ ತನ್ನನ್ನು ಅಲ್ಲಿ ಬಿಟ್ಟುಹೋದನೆಂದೂ, ತಾನು ಮುಳ್ಳಳ್ಳಿಯವಳಂತೆಂದೂ, ಇದು ಮುಳ್ಳಳ್ಳಿಯೇ ಆದರೆ ತನ್ನ ತವರುಮನೆ ಎಲ್ಲಿತ್ತೆಂದೂ ಕೇಳಿದಳು. ಫಕ್ಕೀರವ್ವ ಓಡಿಬಂದು ಅವಳ ಬಲ ತೋಳನ್ನು ಹಿಡಿದು ತಿರುಗಿಸಿದಳು. ಮೊಣಕೈ ನುಣ್ಣಗಿತ್ತು. ಎಷ್ಟೋ ಹೊತ್ತು ಆ ತೋಳನ್ನು ಬಿಡದೆ ನಿಂತಿದ್ದಳು. ಈಗ ಅವಳು ನಿಜ ಹೇಳಬಹುದಿತ್ತು. ನಿನಗೆ ತವರಿಲ್ಲ, ಈ ಊರೇ ಇಲ್ಲ, ನಿನ್ನ ಹೆತ್ತವರು ಯಾವ ಗುಂಡಿಯಲ್ಲಿದ್ದಾರೋ ಶಿವನೇ ಬಲ್ಲ ಎನ್ನಬಹುದಿತ್ತು. ಆ ಹುಡುಗಿ ಮೂರು ದಿನ ನಡೆದು, ಬರಿಗೈಯಲ್ಲಿ ತವರಿಗೆ ಹೋಗಬಾರದೆಂದು ಸೆರಗಿನಲ್ಲಿ ಮಂಡಕ್ಕಿ ಕಟ್ಟಿಕೊಂಡು ಬಂದಿದ್ದಳು. ಫಕ್ಕೀರವ್ವ ಬೇವಿನ ಮರದ ಮೂಡಣ ಬದಿಗೆ ಕೈ ತೋರಿಸಿ, ಅಲ್ಲೇ ಇತ್ತವ್ವಾ ನಿಮ್ಮ ಮನಿ, ನಿಮ್ಮವ್ವ ನನ್ನ ಗೆಳತಿ ಎಂದಳು. ಹುಡುಗಿ ಆ ಬಯಲಲ್ಲಿ ಕುಳಿತು ಹೊಟ್ಟೆ ತುಂಬ ಅತ್ತು, ಮಂಡಕ್ಕಿ ಇಟ್ಟು, ನಮಸ್ಕರಿಸಿ ಹೋದಳು. ಅವಳು ಮತ್ತೆ ಬಂದರೆ ಗುರುತಿರಲೆಂದು ಫಕ್ಕೀರವ್ವ ಅಲ್ಲಿ ಕಲ್ಲು ಆಯ್ದುತಂದು ಚೌಕ ಇಟ್ಟಳು. ಸುಳ್ಳು ಹೇಳಿದಳು ಎನ್ನುವವರು ಅನ್ನಲಿ. ಅನ್ನುವವರು ಆ ತೋಳು ಹಿಡಿದು ನಿಂತು ನೋಡಿದವರಲ್ಲ.

ಬೆಣಚಿಹಾಳದ ಜಾಡು ಸಿಕ್ಕಿದ ಮೇಲೆ ಅವಳು ಸುಮ್ಮನೆ ಕೂರಲಿಲ್ಲ. ಆ ಗಾಡಿದಾರಿ ಹಿಡಿದು ಊರೂರಿಗೆ ಹೋಗಿ, ಬರದ ವರ್ಷ ಗಾಡಿಯವನು ಬಿಟ್ಟುಹೋದ ಕೂಸು ಇದೆಯೇ ಎಂದು ಕೇಳಿದಳು. ಸಾಕಿ ಬೆಳೆಸಿದ ಕೂಸನ್ನು ಕೇಳಿಕೊಂಡು ಹೆತ್ತವಳು ಬಂದರೆ ಯಾರು ತೋರಿಸುತ್ತಾರೆ? ಎಲ್ಲರೂ ಇಲ್ಲವೆಂದರು, ಕೆಲವರು ನಾಯಿ ಬಿಟ್ಟರು. ಮರಳಿ ದಿಬ್ಬಕ್ಕೆ ಬಂದಳು. ಕಾಯುವುದೊಂದೇ ಉಳಿದದ್ದು. ಮಕ್ಕಳು ಬೆಳೆದು ತಮ್ಮ ಕಾಲ ಮೇಲೆ ನಿಂತ ಮೇಲೆ ಒಂದೊಂದಾಗಿ ತಾವೇ ಬಂದರು. ಎರಡು ವರ್ಷಕ್ಕೊಬ್ಬರು, ಮೂರು ವರ್ಷಕ್ಕೊಬ್ಬರು. ಕುರುಬರ ಹಟ್ಟಿಯಲ್ಲಿ ಬೆಳೆದವನೊಬ್ಬ ಕಂಬಳಿ ತಂದ. ಪಿಂಜಾರರ ಮನೆಯವನು ಹೊಸ ಗಾದಿ ತಂದ. ಹೆಣ್ಣು ಬಂದರೆ ತೋಳು ನೋಡುತ್ತಿದ್ದಳು, ಗಂಡು ಬಂದರೆ ಮುಖವನ್ನೇ ನೋಡುತ್ತಿರಲಿಲ್ಲ. ಆದರೂ ಎಲ್ಲರಿಗೂ ಮನೆ ತೋರಿಸಿದಳು, ಎಲ್ಲರಿಗೂ ಚೌಕ ಇಟ್ಟಳು. ತನ್ನ ಗುಡಿಸಲಿನ ಪಕ್ಕದಲ್ಲಿ, ಎಲ್ಲಕ್ಕಿಂತ ಒಳ್ಳೆಯ ಕಲ್ಲು ಹುಡುಕಿ, ಹೊಸ್ತಿಲನ್ನೂ ಇಟ್ಟು ಒಂದು ಚೌಕ ಮಾಡಿದ್ದಳು. ಅದು ಸಾತಿಯದು. ಇಪ್ಪತ್ತೆಂಟು ವರ್ಷ ಕಳೆಯುವಷ್ಟರಲ್ಲಿ ಹತ್ತು ಜನ ಬಂದುಹೋಗಿದ್ದರು. ಹತ್ತರಲ್ಲಿ ಸಾತಿ ಇಲ್ಲ. ಕಳಿಸಿದ್ದು ಹನ್ನೊಂದು, ಬಂದದ್ದು ಹತ್ತು. ಹಾಗಾದರೆ ಉಳಿದವಳು ಯಾರು? ಗಾಡಿಯವರಿಗೆಲ್ಲ ಇದನ್ನೇ ಹೇಳುತ್ತಿದ್ದಳು, ಇನ್ನೊಂದೇ ಉಳಿದಿದೆ, ಅದು ನನ್ನದೇ ಎಂದು. ಅವಳ ಮುಖದಲ್ಲಿ ನಗು ಕಂಡದ್ದು ಆ ಎರಡು ವರ್ಷ ಮಾತ್ರ ಎನ್ನುತ್ತಾರೆ. ಕಣ್ಣು ಮಂಜಾಗಿದ್ದವು, ಸೊಂಟ ಬಾಗಿತ್ತು, ಆದರೆ ದಿನಾ ಬೆಳಗ್ಗೆ ಸಾತಿಯ ಚೌಕವನ್ನು ಸಾರಿಸಿ ರಂಗೋಲಿ ಹಾಕುತ್ತಿದ್ದಳು.

ಮೂವತ್ತನೆಯ ವರ್ಷ, ಸುಗ್ಗಿ ಮುಗಿದ ದಿನಗಳಲ್ಲಿ, ನಡುಮಧ್ಯಾಹ್ನ ಯಾರೋ ಬಡಗಣದ ದಾರಿಯಿಂದ ದಿಬ್ಬ ಹತ್ತಿ ಬಂದರು. ಫಕ್ಕೀರವ್ವನ ಕಣ್ಣಿಗೆ ನೆರಳು ಮಾತ್ರ ಕಂಡಿತು. ಇದು ಮುಳ್ಳಳ್ಳಿಯೇನವ್ವಾ ಎಂದ ದನಿ ಗಂಡಸಿನದು. ಗಾಣಿಗರ ಮನೆಯಲ್ಲಿ ಬೆಳೆದ ಯಮನೂರಪ್ಪ ಅವನು, ನಲವತ್ತರ ಹತ್ತಿರದ ಆಳು. ತಾನೂ ಆ ಗಾಡಿಯಲ್ಲಿ ಹೋದವನು, ಹನ್ನೊಂದು ಜನರಲ್ಲಿ ಎಲ್ಲರಿಗಿಂತ ದೊಡ್ಡವನು, ಆಗಲೇ ಎಂಟು ವರ್ಷವಾಗಿತ್ತು, ಜ್ವರದಲ್ಲಿ ಊರು ಮರೆತಿತ್ತು ಆದರೆ ಆಮೇಲಿನದೆಲ್ಲ ನೆನಪಿದೆ ಎಂದು ಹೇಳಿಕೊಂಡ. ಫಕ್ಕೀರವ್ವ ಬೆರಳು ಮಡಚಿ ಮತ್ತೆ ಎಣಿಸಿದಳು. ಇವನೊಂದಿಗೆ ಹನ್ನೊಂದು. ಅವಳು ಕಾರಕೂನನ ಮೇಲೆ ಸಿಟ್ಟಾದಳು. ಆ ಮುದಿಯ ಲೆಕ್ಕ ತಪ್ಪಿದ್ದಾನೆ, ನೀವು ಹನ್ನೆರಡು ಮಂದಿ ಇದ್ದಿರಿ, ನನ್ನ ಸಾತಿ ಇದ್ದಳು ಎಂದಳು. ಯಮನೂರಪ್ಪ, ಗಾಡಿಯಲ್ಲಿ ನಾವು ಹನ್ನೆರಡು ಮಂದಿ ಇದ್ದದ್ದು ಖರೆ, ಮುಳ್ಳಳ್ಳಿಗೆ ಅಂತ ಹತ್ತಿದವರು ಮಾತ್ರ ಹನ್ನೊಂದೇ ಎಂದ. ಇನ್ನೊಬ್ಬಳು ಯಾರು ಎಂದು ಇವಳು ಕೇಳಿದಳು.

“ಆಕಿಗೆ ತನ್ನ ಊರ ಹೆಸರು ಬರತಿತ್ತು ಬೇ. ಕಾರಕೂನ ಕೇಳಿದಾಗ ಭಾಳ ಗಟ್ಟಿ ಹೇಳಿದಳು. ಬರೇ ತೊಗರಿನಾಳ ಅನ್ನಲಿಲ್ಲ. ಹಾಳಾದ ತೊಗರಿನಾಳ ಅಂದಳು. ಎಲ್ಲಾರೂ ನಕ್ಕರು.”

ಹೆಗಲ ಮೇಲೆ ಕೂಸನ್ನು ಹೊತ್ತು ಮೂರು ದಿನ ನಡೆದಾಗ ಹೆಜ್ಜೆಗೊಮ್ಮೆ ಫಕ್ಕೀರವ್ವನ ಬಾಯಲ್ಲಿದ್ದದ್ದು ಆ ಬೈಗುಳ ಒಂದೇ. ಹಾಳಾದ ತೊಗರಿನಾಳ, ನನ್ನ ಗಂಡನ್ನ ತಿಂದಿ. ಹಾಳಾದ ತೊಗರಿನಾಳ, ನನ್ನ ಮಕ್ಕಳನ್ನ ತಿಂದಿ. ಕೂಸು ಕಿವಿಯ ಹತ್ತಿರವೇ ಕುಳಿತು ಕೇಳಿಸಿಕೊಂಡು, ಊರಿನ ಪೂರ್ತಿ ಹೆಸರೇ ಅದು ಎಂದು ಕಲಿತುಬಿಟ್ಟಿತ್ತು. ಅವಳಿಗೇನು ತಿಳಿಯುತ್ತದೆ ಎಂದು ತಾಯಿಯೇ ಹೇಳಿದ್ದಳಲ್ಲ.

ಮುಂದಿನದನ್ನು ಯಮನೂರಪ್ಪ ಮುಚ್ಚಿಡಬಹುದಿತ್ತು. ಆದರೆ ಆ ಕೂಸಿಗೆ ಆಮೇಲೆ ಏನಾಯಿತೆಂದು ಅವನಿಗೂ ಗೊತ್ತಿರಲಿಲ್ಲ, ಕಂಡದ್ದನ್ನು ಕಂಡಹಾಗೆ ಹೇಳಿದ. ಗಾಡಿ ಮೊದಲು ಹೋದದ್ದೇ ತೊಗರಿನಾಳಕ್ಕೆ. ಊರಲ್ಲಿ ಒಂದು ದೀಪವಿಲ್ಲ, ಒಂದು ಕೋಳಿಯಿಲ್ಲ. ಗುಳೆ ಹೋದವರು ಯಾರೂ ಇನ್ನೂ ಮರಳಿರಲಿಲ್ಲ. ಗಾಡಿಯವನು ಕೂಸನ್ನು ಇಳಿಸಲು ಹಿಂದೆಮುಂದೆ ನೋಡಿದ. ಚಪರಾಸಿ ಕಾಗದ ತೆಗೆದು, ತೊಗರಿನಾಳಕ್ಕೆ ಮುಟ್ಟಿಸು ಎಂದು ಬರೆದಿದೆ, ಇದು ತೊಗರಿನಾಳ, ಮುಟ್ಟಿಸಿಯಾಯಿತು ಎಂದ. ಅಲ್ಲಿಂದ ಮುಂದೆ ಮುಳ್ಳಳ್ಳಿ ಹುಡುಕುತ್ತ ಬಡಗಣಕ್ಕೆ ನಡೆದರು. ನಾಲ್ಕು ದಿನವಾದರೂ ಊರು ಸಿಗದಿದ್ದಾಗ ಚಪರಾಸಿ ಬೇಸತ್ತು ತಿರುಗಿ ಹೋದ. ಗಾಡಿಯವನಿಗೆ ಮಕ್ಕಳನ್ನು ಬಯಲಲ್ಲಿ ಬಿಡಲು ಮನಸ್ಸಾಗಲಿಲ್ಲ. ದಿನಕ್ಕೊಂದು ಊರಲ್ಲಿ ಗಾಡಿ ನಿಲ್ಲಿಸಿ, ಕೈಮುಗಿದು, ಯಾರಾದರೂ ಒಂದು ಕೂಸು ಇಟ್ಟುಕೊಳ್ಳಿರಪ್ಪಾ ಎಂದು ಬೇಡಿ ಬೇಡಿ ಒಂದೊಂದನ್ನೇ ಒಂದೊಂದು ಒಲೆಯ ಮುಂದೆ ಕೂರಿಸಿ ಹೋದ. ಊರಿಲ್ಲದ ಹನ್ನೊಂದೂ ಬದುಕಿದವು.

ಫಕ್ಕೀರವ್ವ ಕೊನೆಗೆ ಕೇಳಿದ್ದು ಒಂದೇ ಮಾತು. ಗಾಡಿಯಿಂದ ಇಳಿಸಿದಾಗ ಅತ್ತಳೇನು ಎಂದು.

“ಇಲ್ಲ ಬೇ. ತಾನ ಜಿಗಿದು ಇಳದಳು. ಅಗಾ ನಮ್ಮ ಮನಿ, ನಮ್ಮವ್ವ ಅಲ್ಲಿರತಾಳ ಅಂತ ಓಡಿದಳು. ನಮಗೆಲ್ಲ ಆಕಿನ್ನ ಕಂಡು ಹೊಟ್ಟಿಕಿಚ್ಚಾತು.”

ಮರುದಿನ ಫಕ್ಕೀರವ್ವ ಆಣೆ ಮುರಿದು ಹೊರಟಳು. ಯಮನೂರಪ್ಪನೇ ಅವಳನ್ನು ಕೈಹಿಡಿದು ತೊಗರಿನಾಳಕ್ಕೆ ಕರೆದೊಯ್ದನು ಎನ್ನುತ್ತಾರೆ. ಊರು ಮತ್ತೆ ತುಂಬಿತ್ತು, ದನ ಕರು, ಹೆಂಗಸರು ಮಕ್ಕಳು. ಇವಳನ್ನು ಗುರುತು ಹಿಡಿಯುವವರು ನೆರೆಮನೆಯ ಮುದುಕಿ ಒಬ್ಬಳೇ ಉಳಿದಿದ್ದಳು. ಆ ಮುದುಕಿ ಇವಳನ್ನು ಕಂಡು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಹೇಳಿದಳು. ಗುಳೆ ಹೋದವರು ಆ ವರ್ಷ ದೀಪಾವಳಿಯ ಹೊತ್ತಿಗೆ ತಿರುಗಿ ಬಂದು ನೋಡಿದಾಗ, ಇವಳ ಮನೆಯ ಬಾಗಿಲು ಹಾರುಹೊಡೆದಿತ್ತು. ಕೂಸು ಒಲೆಯ ಪಕ್ಕದಲ್ಲಿ ಮುದುಡಿ ಮಲಗಿತ್ತು. ತೀರಿ ತಿಂಗಳುಗಳೇ ಆಗಿದ್ದವು. ಒಲೆಯ ಮುಂದೆ, ಒಳಗೆ ಸೋರಿದ ಮಳೆಯ ಮಣ್ಣನ್ನು ನಾದಿ, ಚಿಕ್ಕ ಕೈಯಿಂದ ತಟ್ಟಿದ ಮಣ್ಣಿನ ರೊಟ್ಟಿಗಳು ಒಣಗಿ ಬಿದ್ದಿದ್ದವು. ಒಂದೆರಡನ್ನು ಕಚ್ಚಿದ ಗುರುತಿತ್ತು. ತಾಯಿಯೆಲ್ಲಿ ಎಂದು ಯಾರಿಗೂ ಗೊತ್ತಿಲ್ಲದ್ದರಿಂದ ಊರವರೇ ಮಣ್ಣು ಮಾಡಿದರು.

ಅವಳು ಮುಳ್ಳಳ್ಳಿಗೆ ಮರಳಿದಳು. ಇನ್ನೆಲ್ಲಿಗೆ ಹೋಗಬೇಕು? ಬಂದವಳೇ ಸಾತಿಯ ಚೌಕದ ಕಲ್ಲುಗಳನ್ನು, ಹೊಸ್ತಿಲನ್ನೂ ಸೇರಿಸಿ, ಒಂದೊಂದಾಗಿ ಕಿತ್ತು ಉರುಳಿಸಿಕೊಂಡು ಹೋಗಿ ಬಾವಿಗೆ ಹಾಕಿದಳು. ಯಮನೂರಪ್ಪ ತಡೆಯಲು ಹೋಗಿ ಹಿಂದೆ ಸರಿದ. ಅವನಿಗೂ ಒಂದು ಮನೆ ತೋರಿಸಿ, ಹನ್ನೊಂದನೆಯ ಚೌಕ ಇಟ್ಟುಕೊಟ್ಟಳು. ಅದಾದ ಮೇಲೆ ಮೂರು ವರ್ಷ ಬದುಕಿದ್ದಳು. ಎತ್ತುಗಳಿಗೆ ನೀರು ಹಾಕುವುದನ್ನು ಬಿಡಲಿಲ್ಲ. ಯಾವ ಊರು ಇದು ಎಂದು ಕೇಳಿದವರಿಗೆ ಮಾತ್ರ ಉತ್ತರ ಕೊಡುತ್ತಿರಲಿಲ್ಲ. ಅವಳು ತೀರಿದಾಗ ಹನ್ನೊಂದು ಜನವೂ ಬಂದು, ಹಿರಿಯ ಮಗ ಮಾಡಬೇಕಾದ್ದನ್ನು ಯಮನೂರಪ್ಪ ಮಾಡಿದ.

ಆ ಹನ್ನೊಂದು ಮನೆಗಳವರು ಈಗಲೂ ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಬುತ್ತಿ ಕಟ್ಟಿಕೊಂಡು ಇಲ್ಲಿಗೆ ಬರುತ್ತಾರೆ. ಆ ದಿನ ಈ ಹಾದಿಯಲ್ಲಿ ಹೋಗುವವರು ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ನೇಕಾರರು, ಕುರುಬರು, ಪಿಂಜಾರರು ತಮ್ಮ ತಮ್ಮ ಚೌಕದಲ್ಲಿ ಕುಳಿತು ಉಣ್ಣುತ್ತಿರುತ್ತಾರೆ. ಊಟಕ್ಕೆ ಮುಂಚೆ, ಆ ವರ್ಷ ಮಾತು ಕಲಿತ ಮಕ್ಕಳನ್ನು ಬೇವಿನ ಬುಡದಲ್ಲಿ ಸಾಲಾಗಿ ನಿಲ್ಲಿಸಿ, ಹಿರಿಯರೊಬ್ಬರು ಒಂದೊಂದನ್ನೇ ಕೇಳುತ್ತಾರೆ, ಯಾವ ಊರು ನಿಂದು ಎಂದು. ಗೊತ್ತಿಲ್ಲ ಎನ್ನಬೇಕೆಂದು ತಾಯಂದಿರು ಮೊದಲೇ ಕಲಿಸಿ ಕರೆತಂದಿರುತ್ತಾರೆ. ಗೊತ್ತಿಲ್ಲ ಎಂದ ಕೂಸಿನ ತಲೆ ಸವರಿ, ಹಾಗಾದರೆ ನೀನು ಮುಳ್ಳಳ್ಳಿ ಎಂದು ಹೇಳಿ ಬೆಲ್ಲ ಕೊಡುತ್ತಾರೆ. ಒಂದೊಂದು ವರ್ಷ ಯಾವುದೋ ಚುರುಕು ಕೂಸು, ಕಲಿಸಿದ್ದನ್ನು ಮರೆತು, ತಾನು ಹುಟ್ಟಿ ಬೆಳೆದ ಊರಿನ ಹೆಸರನ್ನು ಗಟ್ಟಿಯಾಗಿ ಹೇಳಿಬಿಡುತ್ತದೆ. ಆಗ ಯಾರೂ ನಗುವುದಿಲ್ಲ. ಹತ್ತಿರ ನಿಂತ ಹೆಂಗಸು, ಅವಳು ಯಾವ ಜಾತಿಯವಳೇ ಆಗಿರಲಿ, ಆ ಕೂಸನ್ನು ಎತ್ತಿ ಸೊಂಟದ ಮೇಲೆ ಇಟ್ಟುಕೊಳ್ಳುತ್ತಾಳೆ. ಅವಳ ತೋಳು ಸೋತರೆ ಇನ್ನೊಬ್ಬಳು ತೆಗೆದುಕೊಳ್ಳುತ್ತಾಳೆ. ಸಂಜೆ ಎಲ್ಲರೂ ಬಸ್ಸು ಹತ್ತುವವರೆಗೆ ಅದನ್ನು ನೆಲಕ್ಕೆ ಇಳಿಸುವುದಿಲ್ಲ.